ಪ್ರಾರ್ಥನೆಗೆ ಉತ್ತರ ಬರೆಯುವುದನ್ನು ಬಿಟ್ಟ ಮೇಲೆ

ನಾನು ಕಥೆ ಬರೆಯಲು ಶುರು ಮಾಡಿದ್ದು ನಮ್ಮ ಚರ್ಚಿನ ಸಭೆಯ ಮಾಸಪತ್ರಿಕೆಗೆ. ದೊಡ್ಡ ಆಸೆಯಿಂದೇನೂ ಅಲ್ಲ. ಪ್ರತಿ ತಿಂಗಳು ಕೊನೆಯ ಎರಡು ಪುಟ ಖಾಲಿ ಉಳಿಯುತ್ತಿತ್ತು. "ನೀವು ಕನ್ನಡ ಟೀಚರ್ ಅಲ್ವಾ, ಏನಾದರೂ ಬರೆದುಕೊಡಿ" ಅಂದರು ಆಗಿನ ಸಭಾಪಾಲಕರು. ಬರೆದುಕೊಟ್ಟೆ.

ಐದು ವರ್ಷದಲ್ಲಿ ಇಪ್ಪತ್ತೇಳು ಕಥೆಗಳಾದವು. ಈಗ ತೆಗೆದು ನೋಡಿದರೆ ಇಪ್ಪತ್ತೇಳೂ ಒಂದೇ ಕಥೆ. ಮೊದಲ ಕಾಲಂನಲ್ಲಿ ಗಂಡ ಕುಡಿಯುತ್ತಾನೆ. ಎರಡನೆಯದರಲ್ಲಿ ಹೆಂಡತಿ ಮೊಣಕಾಲೂರುತ್ತಾಳೆ. ಮೂರನೆಯದರಲ್ಲಿ ಅವನಿಗೆ ಅಪಘಾತ. ನಾಲ್ಕನೆಯದರಲ್ಲಿ ಆಸ್ಪತ್ರೆಯ ಹಾಸಿಗೆಯ ಮೇಲೆ ಸತ್ಯವೇದ (ಬೈಬಲ್) ತೆರೆದು ಅಳುತ್ತಾನೆ. ಒಂದು ಕಥೆಯಲ್ಲಿ ಅಪಘಾತದ ಬದಲು ಹಾವು ಕಚ್ಚಿಸಿದ್ದೆ. ಅದು ನನ್ನ ಹೊಸ ಪ್ರಯೋಗ.

ಇದೇ ದೇವರು ನನಗೆ ಕೊಟ್ಟ ಕರೆ ಅಂತ ಆಗ ನಂಬಿದ್ದೆ. ತಲಾಂತು ಎಂಬ ಹಣದ ಬಗ್ಗೆ ಯೇಸು ಹೇಳಿದ ಸಾಮ್ಯ (ನೀತಿಕಥೆ) ಚಿಕ್ಕಂದಿನಿಂದ ತಲೆಯಲ್ಲಿ ಕೂತಿತ್ತು. ಯಜಮಾನ ಕೊಟ್ಟ ಹಣವನ್ನು ಮಣ್ಣಿನಲ್ಲಿ ಹೂತಿಟ್ಟ ಆ ಆಳಿನ ಗತಿ ನನಗೆ ಬರಬಾರದು. ಬರೆಯುವ ಕೈ ಕೊಟ್ಟಿದ್ದಾನೆ, ಅದರಿಂದ ನಾಲ್ಕು ಜನ ದೇವರ ಕಡೆ ತಿರುಗಬೇಕು. ಲೆಕ್ಕ ಅಷ್ಟೇ.

ಒಂದು ಭಾನುವಾರ ಆರಾಧನೆ ಮುಗಿಸಿ ಹೊರಗೆ ಬರುವಾಗ ದೊಡ್ಡಮ್ಮ ಒಬ್ಬರು ಗೇಟಿನ ಹತ್ತಿರ ಕೈ ಹಿಡಿದು ನಿಲ್ಲಿಸಿದರು. ರಕ್ತಸಂಬಂಧ ಏನಿಲ್ಲ, ಸಭೆಯಲ್ಲಿ ಎಲ್ಲರಿಗೂ ಅವರು ದೊಡ್ಡಮ್ಮನೇ. ಅವರ ಗಂಡ ಹಂಚಿನ ಕಾರ್ಖಾನೆಯಲ್ಲಿ ದುಡಿಯುತ್ತಿದ್ದವರು. ಕುಡಿತ. ಒಂದು ಮಳೆಗಾಲದ ರಾತ್ರಿ ರಸ್ತೆ ಬದಿಯ ತೋಡಿನಲ್ಲಿ ಬಿದ್ದು ತೀರಿಹೋಗಿದ್ದರು. ದೊಡ್ಡಮ್ಮ ಕೇಳಿದ್ದು ತುಳುವಿನಲ್ಲಿ. ಕನ್ನಡದಲ್ಲಿ ಹೇಳಿದರೆ ಹೀಗಾಗ್ತದೆ: "ಟೀಚರೇ, ನಿಮ್ಮ ಕಥೆಯಲ್ಲಿ ಎಲ್ಲರ ಪ್ರಾರ್ಥನೆಗೂ ಎರಡು ಪುಟದೊಳಗೆ ಉತ್ತರ ಸಿಗ್ತದೆ. ನಾನು ಇಪ್ಪತ್ತೆರಡು ವರ್ಷ ಮಾಡಿದೆ. ನನ್ನದರಲ್ಲಿ ಏನು ಕಮ್ಮಿಯಾಯ್ತು?"

ಅವರಿಗೆ ಸಿಟ್ಟಿರಲಿಲ್ಲ. ನಿಜವಾಗಿಯೂ ತಿಳಿದುಕೊಳ್ಳಬೇಕು ಅಂತಲೇ ಕೇಳಿದ್ದು. ಬೈದಿದ್ದರೆ ಎಷ್ಟೋ ವಾಸಿ ಇತ್ತು.

ನಾನು ಏನೋ ತೊದಲಿದೆ. ಆ ತಿಂಗಳ ಕಥೆ ಕೊಡಲಿಲ್ಲ. ಮುಂದಿನ ತಿಂಗಳೂ ಕೊಡಲಿಲ್ಲ. ಹಾಗೇ ಮೂರು ವರ್ಷ ಕಳೆಯಿತು.

ಆ ಮೂರು ವರ್ಷದಲ್ಲಿ ಸುಮ್ನೆ ಓದಿದೆ. ಸಭೆಯ ವಾರ್ಷಿಕೋತ್ಸವಕ್ಕೆ ಒಂದು ಪುಸ್ತಿಕೆ ಮಾಡಬೇಕಾಗಿ ಬಂದು, ಮಂಗಳೂರಿನ ಬಲ್ಮಠದ ಕರ್ನಾಟಕ ಥಿಯಾಲಜಿಕಲ್ ಕಾಲೇಜಿನ ಪತ್ರಾಗಾರಕ್ಕೆ ಹೋಗಿ ಕೂತೆ. ಸ್ವಿಟ್ಜರ್ಲೆಂಡಿನ ಬಾಸೆಲ್ ಮಿಶನ್ನಿನ ಪಾದ್ರಿಗಳು ಮಂಗಳೂರಿಗೆ ಬಂದದ್ದು 1834ರಲ್ಲಿ, ಅಚ್ಚುಕೂಟ ಶುರುವಾದದ್ದು 1841ರಲ್ಲಿ. ಎರಡು ವರ್ಷ ಬಿಟ್ಟು ಹರ್ಮನ್ ಮೋಗ್ಲಿಂಗ್ ಕಲ್ಲಚ್ಚಿನಲ್ಲಿ 'ಮಂಗಳೂರ ಸಮಾಚಾರ' ತಂದರು, ಕನ್ನಡದ ಮೊದಲ ಪತ್ರಿಕೆ. ಇದೆಲ್ಲ ನಾನೇ ಮಕ್ಕಳಿಗೆ ಪಾಠ ಮಾಡಿದ ವಿಷಯ. ಪಾಠ ಮಾಡುವಾಗ ಹೊಳೆಯದ್ದು ಅಲ್ಲಿ ಹೊಳೆಯಿತು. ಆ ಕಾಲದ ಮಿಶನ್ ಕರಪತ್ರಗಳನ್ನು ಓದುತ್ತಾ ಹೋದ ಹಾಗೆ ನನ್ನ ಇಪ್ಪತ್ತೇಳು ಕಥೆಗಳ ಅಜ್ಜ ಮುತ್ತಜ್ಜಂದಿರು ಸಿಕ್ಕಿದರು. ಪಾಪಿ, ಸಂಕಟ, ಪಶ್ಚಾತ್ತಾಪ, ಆಮೆನ್. ನೂರೈವತ್ತು ವರ್ಷ ಕಳೆದರೂ ನಾನು ಅದೇ ಅಚ್ಚಿನಲ್ಲಿ ಹಂಚು ತೆಗೆಯುತ್ತಿದ್ದೆ.

ಆದರೆ ಅದೇ ಅಚ್ಚುಕೂಟದ ಇನ್ನೊಂದು ಮುಖವೂ ಕಂಡಿತು. 1850ರಲ್ಲಿ ಮೋಗ್ಲಿಂಗ್ ದಾಸರ ಪದಗಳನ್ನು ಕೂಡಿಸಿ ಪ್ರಕಟಿಸಿದ್ದಾರೆ. ಕ್ರಿಸ್ತನನ್ನು ಸಾರಲು ಬಂದ ಪಾದ್ರಿ ವಿಠಲನ ಹಾಡು ಯಾಕೆ ಕೂಡಿಸಬೇಕಿತ್ತು? ಉದ್ದೇಶ ಏನೇ ಇರಲಿ, ಇನ್ನೊಬ್ಬರ ಮನೆಯ ಹಾಡನ್ನು ಕೂತು ಕೇಳಿಸಿಕೊಂಡರಲ್ಲ. ಆಮೇಲೆ ಅದೇ ಮಿಶನ್ನಿನ ಕಿಟ್ಟೆಲ್. 1894ರ ಅವರ ಕನ್ನಡ-ಇಂಗ್ಲಿಷ್ ನಿಘಂಟನ್ನು ಒಂದೇ ಕೈಯಲ್ಲಿ ಎತ್ತಿ ನೋಡಿ, ಗೊತ್ತಾಗ್ತದೆ. ಸುಮಾರು ಎಪ್ಪತ್ತು ಸಾವಿರ ಪದ. ಹಳೆಯ ಕಾವ್ಯದ ಸಾಲು, ಜನರ ಬಾಯಿಯ ಗಾದೆ ಎಲ್ಲ ಎತ್ತಿ ತಂದು ಅರ್ಥದ ಪಕ್ಕ ಇಟ್ಟಿದ್ದಾರೆ. ಅದನ್ನು ಓದಿ ಯಾರೂ ಮೊಣಕಾಲೂರುವುದಿಲ್ಲ. ಆದರೂ ಆ ಮನುಷ್ಯ ವರ್ಷಗಟ್ಟಲೆ ಕಣ್ಣು ಸವೆಸಿದ್ದಾರೆ. ಯಾರದೋ ಅಡಿಗೆಮನೆಯ ಪಾತ್ರೆಗೆ ಸರಿಯಾದ ಹೆಸರು ಯಾವುದು ಅಂತ ಪತ್ತೆ ಮಾಡುವುದೂ ದೇವರ ಕೆಲಸ ಆಗಬಹುದಾ? ಆ ಪ್ರಶ್ನೆಯನ್ನು ಬ್ಯಾಗಿನಲ್ಲಿ ಹಾಕಿಕೊಂಡು ಬಸ್ಸು ಹತ್ತಿದೆ.

ಉತ್ತರ ಸಿಕ್ಕಿದ್ದು ಸಂಡೇ ಸ್ಕೂಲಿನ ನಾಟಕದಲ್ಲಿ. ಕ್ರಿಸ್ಮಸ್ ಕಾರ್ಯಕ್ರಮಕ್ಕೆ ಯೇಸು ಹುಟ್ಟಿದ ಕಥೆಯ ಕುರುಬರು, ಜೋಯಿಸರು ಎಲ್ಲ ಸಣ್ಣ ಮಕ್ಕಳ ಪಾಲಿಗೆ ಹೋಗಿದ್ದರು. ದೊಡ್ಡ ಮಕ್ಕಳಿಗೆ ನಾನು ಲೂಕನ ಸುವಾರ್ತೆಯ ಹದಿನೈದನೇ ಅಧ್ಯಾಯದ ತಪ್ಪಿಹೋದ ಮಗನ ಕಥೆ ಆಡಿಸಿದೆ. ಆಸ್ತಿ ಹಾಳುಮಾಡಿ ಮನೆಗೆ ಮರಳಿದ ತಮ್ಮನಿಗೆ ಅಪ್ಪ ಔತಣ ಮಾಡಿಸುತ್ತಾನೆ; ಅಣ್ಣ ಸಿಟ್ಟಾಗಿ ಹೊರಗೇ ನಿಲ್ಲುತ್ತಾನೆ. ಅಣ್ಣನ ಪಾತ್ರದ ಹುಡುಗ ಮಹಾ ಶಿಸ್ತಿನವನು. ಪ್ರಾಕ್ಟೀಸಿನ ದಿನ ಕೇಳಿದ: "ಟೀಚರ್, ಕೊನೆಗೆ ನಾನು ಒಳಗೆ ಬರಬೇಕಾ, ಹೊರಗೇ ನಿಲ್ಲಬೇಕಾ?"

"ಬರೆದದ್ದನ್ನು ನೋಡಿ ಹೇಳ್ತೇನೆ" ಅಂದೆ. ನೋಡಿದರೆ ಬರೆದೇ ಇಲ್ಲ! ಅಪ್ಪ ಅಂಗಳಕ್ಕೆ ಬಂದು ಬೇಡಿಕೊಳ್ಳುತ್ತಾನೆ. ಮೂವತ್ತೆರಡನೇ ವಚನಕ್ಕೆ ಅಪ್ಪನ ಮಾತು ಮುಗಿಯುತ್ತದೆ. ಹದಿನಾರನೇ ಅಧ್ಯಾಯದಲ್ಲಿ ಬೇರೆಯೇ ಕಥೆ. ಅಣ್ಣ ಒಳಗೆ ಹೋದನೋ ಇಲ್ಲವೋ, ಯೇಸು ಹೇಳಲೇ ಇಲ್ಲ. ಎಷ್ಟು ಸಲ ಓದಿದ್ದೆ, ಪಾದ್ರಿಗಳ ಎಷ್ಟು ಪ್ರಸಂಗ ಕೇಳಿದ್ದೆ. ಒಮ್ಮೆಯೂ ಇದನ್ನು ಗಮನಿಸಿರಲಿಲ್ಲ.

"ಬಾಗಿಲಲ್ಲೇ ನಿಲ್ಲು" ಅಂದೆ ಹುಡುಗನಿಗೆ. ಪುಣ್ಯಾತ್ಮ ನಿಂತೇಬಿಟ್ಟ. ನಾಟಕ ಮುಗಿದು, ಚಪ್ಪಾಳೆ ಆಗಿ, ಕೇಕ್ ಹಂಚುವಾಗಲೂ ಸ್ಟೇಜಿನ ಮೂಲೆಯಲ್ಲಿ ಮುಖ ಊದಿಸಿಕೊಂಡು ನಿಂತಿದ್ದ. "ಕಥೆ ಅರ್ಧಕ್ಕೆ ನಿಂತ ಹಾಗಾಯ್ತಲ್ಲ ಟೀಚರೇ" ಅಂತ ಒಬ್ಬರು ಹಿರಿಯರು ಗೊಣಗಿದರು.

ಅವತ್ತು ರಾತ್ರಿ ನಿದ್ರೆ ಬರಲಿಲ್ಲ. ಸತ್ಯವೇದದಲ್ಲಿ ಪ್ರವಾದಿ ಯೋನನ ಪುಸ್ತಕ ತೆರೆದೆ. ಅದೂ ಹಾಗೇ. ಊರನ್ನು ದೇವರು ನಾಶಮಾಡದೆ ಉಳಿಸಿದ್ದಕ್ಕೆ ಯೋನನಿಗೆ ಸಿಟ್ಟು. ಒಂದು ಲಕ್ಷದ ಇಪ್ಪತ್ತು ಸಾವಿರ ಜನ, ಜೊತೆಗೆ ಅಷ್ಟೊಂದು ದನಕರು ಇರುವ ಊರಿಗಾಗಿ ನಾನು ಮರುಗಬಾರದೇ ಅಂತ ದೇವರು ಕೇಳುತ್ತಾನೆ. ಪುಸ್ತಕ ಅಲ್ಲಿಗೆ ಮುಗಿಯುತ್ತದೆ. ಯೋನ ಏನಂದ? ಗೊತ್ತಿಲ್ಲ. ದೇವರೇ ಕಥೆಯನ್ನು ಪ್ರಶ್ನೆಯಲ್ಲಿ ಬಿಡಬಹುದಾದರೆ, ನಾನು ಯಾವ ಧೈರ್ಯದಲ್ಲಿ ಇಪ್ಪತ್ತೇಳು ಸಲ ಅವನ ಪರವಾಗಿ ಉತ್ತರ ಬರೆದು ರುಜು ಹಾಕಿದೆ?

ದೊಡ್ಡಮ್ಮನ ಮನೆಗೆ ಹೋದೆ. ನಿಮ್ಮ ವಿಷಯ ಕಥೆ ಮಾಡಲಾ ಅಂತ ಕೇಳಿದೆ. ತುಂಬ ಹೊತ್ತು ಸುಮ್ಮನಿದ್ದು, "ಹೆಸರು ಹಾಕ್ಬೇಡಿ. ಊಟದ ವಿಷಯ ಹಾಕಿ" ಅಂದರು. ಊಟದ ವಿಷಯ ಏನೆಂದರೆ, ಗಂಡ ಎಷ್ಟೇ ತಡವಾಗಿ ಬರಲಿ, ಬಾರದೆಯೂ ಇರಲಿ, ಅವರ ಪಾಲಿನ ಕುಚ್ಚಲಕ್ಕಿ ಅನ್ನ, ಮೀನಿನ ಸಾರು ಬಟ್ಟಲಲ್ಲಿ ಮುಚ್ಚಿಟ್ಟೇ ದೊಡ್ಡಮ್ಮ ಮಲಗುತ್ತಿದ್ದರು. ಅವರು ತೀರಿಹೋದ ಮೇಲೂ ಎಷ್ಟೋ ರಾತ್ರಿ ಕೈ ತಾನಾಗಿ ಮುಚ್ಚಿಟ್ಟದ್ದುಂಟಂತೆ.

ಬರೆಯುವ ಕ್ರಮ ಕೇಳುವವರಿಗೆ ಹೇಳುತ್ತೇನೆ. ಬೆಳಿಗ್ಗೆ ನಾಲ್ಕೂವರೆಗೆ ಏಳುವುದು, ಸತ್ಯವೇದದ ಒಂದು ಕೀರ್ತನೆ ಗಟ್ಟಿಯಾಗಿ ಓದುವುದು, ಆಮೇಲೆ ಒಂದು ಪುಟ ಕೈಬರಹ. ಹೆಚ್ಚಿಲ್ಲ. ಕೀರ್ತನೆಯನ್ನು ಗಟ್ಟಿಯಾಗಿ ಓದುವುದರಲ್ಲಿ ಭಕ್ತಿಯ ಜೊತೆ ಸ್ವಲ್ಪ ಕಸುಬೂ ಇದೆ. ದೂರುವುದು ಹೇಗೆ ಅಂತ ಕೀರ್ತನೆಗಳಷ್ಟು ಚೆನ್ನಾಗಿ ಕಲಿಸುವ ಪುಸ್ತಕ ನನಗೆ ಸಿಕ್ಕಿಲ್ಲ. "ಎಷ್ಟರ ತನಕ?" ಅಂತ ದೇವರ ಮುಖಕ್ಕೇ ಕೇಳುತ್ತಾರೆ ಅಲ್ಲಿ. ನನ್ನ ಹಳೆಯ ಕಥೆಗಳ ಹೆಂಡತಿಯರು ಒಮ್ಮೆಯೂ ಹಾಗೆ ಕೇಳಿರಲಿಲ್ಲ. ಪಾಪ, ಎಲ್ಲರೂ ನನ್ನ ಹಾಗೆ ಮರ್ಯಾದಸ್ಥರು.

ನನಗೆ ನಾನೇ ಹಾಕಿಕೊಂಡ ನಿಯಮ ಒಂದೇ. ಪಾತ್ರ ಪ್ರಾರ್ಥನೆ ಮಾಡಬಹುದು, ಉತ್ತರ ನಾನು ಕೊಡುವ ಹಾಗಿಲ್ಲ. ಹೇಳಲು ಸುಲಭ. ಬರೆಯುವಾಗ ಪ್ರತಿ ಪುಟದ ಕೊನೆಗೂ ಕೈ ಆಸ್ಪತ್ರೆಯ ಹಾಸಿಗೆ ಕಡೆಗೇ ಎಳೆಯುತ್ತಿತ್ತು.

ಭಾಷೆಯದು ಇನ್ನೊಂದು ಪೇಚು. ನಮ್ಮ ಮನೆಗಳಲ್ಲಿ ಮಾತು ತುಳು, ಆರಾಧನೆ ಕನ್ನಡ. ಅದೂ ಸತ್ಯವೇದದ ಕನ್ನಡ. ಯೇಸುವಿನ ನೆನಪಿಗೆ ರೊಟ್ಟಿ, ದ್ರಾಕ್ಷಾರಸ ಹಂಚಿಕೊಳ್ಳುವ "ಕರ್ತನ ಭೋಜನ" ಅಂದರೆ ನಮಗೆ ಮೈ ಜುಮ್ಮೆನ್ನುತ್ತದೆ. ಹೊರಗಿನ ಓದುಗರಿಗೆ ಯಾರ ಮನೆಯ ಊಟ ಅಂತ ಅನಿಸಬಹುದು. ಮೊದಮೊದಲು ಅಡಿಟಿಪ್ಪಣಿ ಹಾಕಿದೆ. ಗೈಡ್ ಪುಸ್ತಕದ ಹಾಗಾಯ್ತು. ಎಲ್ಲ ಕಿತ್ತುಹಾಕಿದೆ. ರೊಟ್ಟಿಯ ಚೂರನ್ನು ಅಂಗೈಯಲ್ಲಿ ಹಿಡಿದ ದೊಡ್ಡಮ್ಮನ ಬೆರಳು ನಡುಗುವುದನ್ನು ಬರೆದೆ. ಅದಕ್ಕೆ ಟಿಪ್ಪಣಿ ಬೇಕಾಗಲಿಲ್ಲ. ಸಂಭಾಷಣೆಗೆ ತುಳು ಶಬ್ದ ತುರುಕುವುದನ್ನೂ ಬಿಟ್ಟು, ನಮ್ಮ ಕಡೆಯ "ಉಂಟು", "ಮಾರಾಯ್ರೇ" ಇರುವ ಕನ್ನಡದಲ್ಲೇ ಆಡಿಸಿದೆ.

ಹಿನ್ನೆಲೆಗೆ ಹಂಚಿನ ಕಾರ್ಖಾನೆ ಬೇಕಿತ್ತು. ಮಿಶನ್ನಿನವರು ಮಂಗಳೂರಿನ ಜೆಪ್ಪುವಿನಲ್ಲಿ 1865ರಲ್ಲಿ ಹಂಚಿನ ಕಾರ್ಖಾನೆ ಶುರು ಮಾಡಿದ್ದಕ್ಕೆ ಒಂದು ಕಾರಣ, ಕ್ರೈಸ್ತರಾದವರಿಗೆ ಜಾತಿಯೂ ಹೋಗಿ ಕಸುಬೂ ಹೋಗಿದ್ದು. ಆಮೇಲೆ ಊರ ತುಂಬ ಬೇರೆಯವರ ಕಾರ್ಖಾನೆಗಳೂ ಎದ್ದವು. ನೇಯ್ಗೆ, ಹಂಚು, ಅಚ್ಚು, ನಮ್ಮ ಅನೇಕ ಮನೆತನಗಳ ಚರಿತ್ರೆ ಈ ಮೂರರಲ್ಲಿ ಮುಗಿಯುತ್ತದೆ. ಇಷ್ಟೆಲ್ಲ ಓದಿಕೊಂಡು ಕಥೆಯಲ್ಲಿ ಹಾಕಿದ್ದು ಮಾತ್ರ ಒಂದೇ ಸಾಲು: ಗಂಡನ ಉಗುರಿನ ಸಂದಿಯ ಜೇಡಿಮಣ್ಣು. ಉಳಿದದ್ದು ನನ್ನ ತಲೆಯಲ್ಲಿದ್ದರೆ ಸಾಕು.

ಕಥೆ ಬೆಳೆದು ನೂರು ಪುಟದ ಕಾದಂಬರಿಯಾಯಿತು. ಒಂದು ಕ್ರೈಸ್ತ ಪತ್ರಿಕೆಗೆ ಕೊಟ್ಟೆ. "ಚೆನ್ನಾಗಿದೆ, ಆದರೆ ವಿಶ್ವಾಸದ ಸಾಕ್ಷಿ ಇಲ್ಲ" ಅಂದರು. ಒಂದು ಸಾಮಾನ್ಯ ವಾರಪತ್ರಿಕೆಗೆ ಕಳುಹಿಸಿದೆ. "ಚೆನ್ನಾಗಿದೆ, ಆದರೆ ಧರ್ಮಪ್ರಚಾರದ ವಾಸನೆ ಇದೆ" ಅಂತ ಬಂತು. ಎರಡು ಪತ್ರವನ್ನೂ ಮೇಜಿನ ಮೇಲೆ ಪಕ್ಕಪಕ್ಕ ಇಟ್ಟು ಜೋರಾಗಿ ನಕ್ಕೆ. ರಾತ್ರಿ ಅತ್ತದ್ದೂ ಉಂಟು.

ಆ ದಿನಗಳಲ್ಲಿ ನಾ. ಡಿಸೋಜರನ್ನು ಮತ್ತೆ ಓದಿದೆ. ಸಾಗರದಲ್ಲಿ ಕೂತು ಬರೆದವರು, 2014ರ ಮಡಿಕೇರಿ ಸಾಹಿತ್ಯ ಸಮ್ಮೇಳನದ ಅಧ್ಯಕ್ಷರು, 2025ರ ಜನವರಿಯಲ್ಲಿ ತೀರಿಕೊಂಡರು. ಅವರಲ್ಲಿ ನಮ್ಮ ಜನರನ್ನು ಹುಡುಕಲು ಹೋದವಳಿಗೆ ಹೆಚ್ಚಾಗಿ ಕಾಡಿದ್ದು ಶರಾವತಿಯ ನೀರಿನಲ್ಲಿ ಮುಳುಗಿದ ಊರುಗಳು. ಕ್ರೈಸ್ತ ಲೇಖಕ ಅಂದರೆ ಕ್ರೈಸ್ತರನ್ನೇ ಬರೆಯಬೇಕು ಅನ್ನುವ ನನ್ನ ಬೇಲಿಯೂ ಅಲ್ಲಿಗೆ ಬಿತ್ತು. ಈಗ ಬರೆಯುತ್ತಿರುವುದು ನಮ್ಮ ಬೀದಿಯ ಬೀಡಿ ಕಟ್ಟುವ ಹೆಂಗಸರ ಕಥೆ. ಅದರಲ್ಲಿ ಎಲ್ಲರೂ ಇದ್ದಾರೆ.

ಕೊನೆಗೆ ನಿವೃತ್ತಿಯ ದುಡ್ಡಿನಲ್ಲಿ ಐನೂರು ಪ್ರತಿ ನಾನೇ ಅಚ್ಚು ಹಾಕಿಸಿದೆ. ಜಾಣತನ ಅಂತ ಹೇಳಲಾರೆ. ಇನ್ನೂರ ಚಿಲ್ಲರೆ ಈಗಲೂ ಮಂಚದ ಕೆಳಗಿವೆ, ಗುಡಿಸುವಾಗ ಪೊರಕೆಗೆ ತಾಗುತ್ತವೆ.

ಒಂದು ದಿನ ಶಿರಸಿ ಕಡೆಯಿಂದ ಒಬ್ಬರು ಹೆಂಗಸಿನ ಫೋನ್. "ನಾವು ನಿಮ್ಮ ಪೈಕಿ ಅಲ್ಲ. ಆದರೆ ನಮ್ಮ ಆಯಿಯೂ ಅಪ್ಪನಿಗೆ ಹೀಗೇ ಊಟ ಮುಚ್ಚಿಡ್ತಿದ್ಲು" ಅಂದರು. ಆಮೇಲೆ ಇಬ್ಬರೂ ಮಾತಾಡಲಿಲ್ಲ. ಹಿಂದೆ ಆಗಿದ್ದರೆ ನಾನು ಆ ಜಾಗದಲ್ಲಿ ಸತ್ಯವೇದದ ಒಂದು ವಚನ ಹೇಳಿಬಿಡುತ್ತಿದ್ದೆ. ಅವತ್ತು, "ಏನು ಮುಚ್ಚಿಡ್ತಿದ್ರು?" ಅಂತ ಕೇಳಿದೆ. "ಅನ್ನ, ತಂಬುಳಿ" ಅಂದರು. ಅಲ್ಲಿಂದ ಮುಕ್ಕಾಲು ಗಂಟೆ ಅವರ ಆಯಿಯ ಕಥೆ. ನಾನು ಕೇಳಿಸಿಕೊಂಡೆ, ಅಷ್ಟೇ.

ದೊಡ್ಡಮ್ಮನಿಗೆ ಅಷ್ಟರಲ್ಲಿ ಕಣ್ಣು ಮಂಜಾಗಿತ್ತು. ಪುಸ್ತಕ ಹಿಡಿದುಕೊಂಡು ಹೋಗಿ ನಾಲ್ಕು ಮಧ್ಯಾಹ್ನ ಓದಿ ಹೇಳಿದೆ. ಗಂಡ ಸತ್ತ ಭಾಗ ಬಂದಾಗ ಸುಮ್ಮನಿದ್ದರು. ಪ್ರಾರ್ಥನೆಯ ಭಾಗಕ್ಕೂ ಸುಮ್ಮನಿದ್ದರು. ಊಟದ ಭಾಗ ಬಂದಾಗ ಕೈ ಎತ್ತಿ ನಿಲ್ಲಿಸಿದರು.

"ಬಾಳೆಲೆ ಮುಚ್ಚಿಡ್ತಿದ್ದೆ ಅಂತ ಬರ್ದಿದ್ದೀರಿ."

"ಹೌದು ದೊಡ್ಡಮ್ಮ."

"ಮೀನಿನ ಬಟ್ಟಲಿಗೆ ಬಾಳೆಲೆ ಮುಚ್ಚಿದ್ರೆ ಬೆಕ್ಕು ಬಿಡ್ತದಾ ಟೀಚರೇ? ತಡ್ಪೆ ಕವುಚಿ ಮೇಲೆ ಕಲ್ಲಿಡ್ತಿದ್ದೆ."

ತಡ್ಪೆ ಅಂದರೆ ತುಳುವಿನಲ್ಲಿ ಮೊರ. ಬೇರೆ ಏನಾದರೂ ತಪ್ಪಿದೆಯಾ ಅಂತ ಕೇಳಿದೆ. ಸ್ವಲ್ಪ ಯೋಚಿಸಿ, "ಇಲ್ಲ, ಬಾಕಿ ಎಲ್ಲ ಸರಿ ಉಂಟು" ಅಂದರು.

ಮನೆಗೆ ಬಂದು ಮಂಚದ ಕೆಳಗಿನ ಕಟ್ಟು ಬಿಚ್ಚಿದೆ. ಇನ್ನೂರ ಚಿಲ್ಲರೆ ಪ್ರತಿ. ಒಂದೊಂದರಲ್ಲೂ ನಲವತ್ತೊಂದನೇ ಪುಟ ತೆರೆದು, ಬಾಳೆಲೆ ಹೊಡೆದುಹಾಕಿ, ಅಂಚಿನಲ್ಲಿ ನೀಲಿ ಪೆನ್ನಿನಿಂದ ತಡ್ಪೆ ಅಂತ ಬರೆದೆ. ಮೂರು ಸಂಜೆ ಹಿಡಿಯಿತು.