ಕಲಬುರಗಿಯಲ್ಲೇ ಸಿಕ್ಕ ಕ್ರಯೋಗ್ಲೋಬುಲಿನ್

ಕ್ರಯೋಗ್ಲೋಬುಲಿನ್ ಎಂದರೆ ತಣಿದರೆ ಗಸಿಯಾಗಿ ಕೂರುವ, ಬಿಸಿಯಾದರೆ ಕರಗುವ ರಕ್ತದ ಪ್ರೋಟೀನು; ಹೆಪಟೈಟಿಸ್ ಸಿ ಇರುವ ಕೆಲವರಲ್ಲಿ ಇದು ಕಾಣಿಸಿಕೊಳ್ಳುತ್ತದೆ. ‘ಇದು ಸಣ್ಣ ಲ್ಯಾಬಿನಲ್ಲಿ ಆಗುವ ಪರೀಕ್ಷೆಯಲ್ಲ’ ಎಂದು ನನಗೆ ಹೇಳಿದವರು ಬಹಳ. ಅವರಲ್ಲೇ ಕೆಲವರು ಈಗ ರೋಗಿಗಳನ್ನು ನನ್ನಲ್ಲಿಗೆ ಕಳುಹಿಸುತ್ತಾರೆ.

ಬರುವ ರೋಗಿಗಳು ಹೀಗಿರುತ್ತಾರೆ: ಹೆಪಟೈಟಿಸ್ ಸಿ (ಯಕೃತ್ತಿನ ವೈರಸ್ ಸೋಂಕು) ಪಾಸಿಟಿವ್, ಯಕೃತ್ತಿನ ಪರೀಕ್ಷೆಯಾದ ಎಸ್‌ಜಿಪಿಟಿ ಬಹುತೇಕ ಸರಿ. ಆದರೆ ಮೊಣಕಾಲ ಕೆಳಗೆ ನೇರಳೆ ಚುಕ್ಕೆ, ಕೀಲುನೋವು, ಪಾದದಲ್ಲಿ ಜೋಮು. ಸಂಧಿವಾತಕ್ಕೆ ಮಾಡುವ ಆರ್‌ಎ ಫ್ಯಾಕ್ಟರ್ ಪರೀಕ್ಷೆ ಪಾಸಿಟಿವ್ ಬರುವುದರಿಂದ ಇಂಥವರು ವರ್ಷಗಟ್ಟಲೆ ಸಂಧಿವಾತದ ಗುಳಿಗೆ ನುಂಗಿರುತ್ತಾರೆ. ರೋಗನಿರೋಧಕ ವ್ಯವಸ್ಥೆಯ ಪ್ರೋಟೀನಾದ ಸಿ4 ರಕ್ತದಲ್ಲಿ ನೆಲ ಕಚ್ಚಿರುತ್ತದೆ. ಆದರೂ ದೊಡ್ಡ ಊರಿನಿಂದ ಕ್ರಯೋಗ್ಲೋಬುಲಿನ್ ವರದಿ ನೆಗೆಟಿವ್ ಎಂದೇ ಬರುತ್ತಿತ್ತು. ಬಾರದೆ ಇನ್ನೇನು? ಸ್ಯಾಂಪಲ್ ಹೋದದ್ದು ಐಸ್ ಪ್ಯಾಕಿನ ಡಬ್ಬಿಯಲ್ಲಿ. ಹುಡುಕಬೇಕಾದ ಪ್ರೋಟೀನು ದಾರಿಯಲ್ಲೇ ತಣಿದು, ರಕ್ತದ ಹೆಪ್ಪಿನೊಂದಿಗೆ ತಳ ಸೇರುತ್ತಿತ್ತು. ಒಂದು ಪರೀಕ್ಷೆಗೆ ಸುಮಾರು ಒಂದೂವರೆ ಸಾವಿರ. ಜೇವರ್ಗಿ ಕಡೆಯ ಕೂಲಿ ಹೆಣ್ಣುಮಗಳೊಬ್ಬರು ಅದನ್ನು ಎರಡು ಸಲ ತೆತ್ತಿದ್ದರು. ಅದನ್ನು ನೋಡಿ ಸುಮ್ಮನಿರಲು ನನ್ನಿಂದಾಗಲಿಲ್ಲ.

ಪ್ರೋಟೀನು ತಣಿಯದಿರಲು ಸಿರಿಂಜು, ಟ್ಯೂಬು ದೇಹದ ಬಿಸಿಯಷ್ಟೇ, ಅಂದರೆ 37 ಡಿಗ್ರಿಯಲ್ಲಿರಬೇಕು. ತೊಡಕಿದ್ದದ್ದು ವಾರ್ಡಿನಿಂದ ಲ್ಯಾಬಿನವರೆಗಿನ ದಾರಿಯಲ್ಲಿ. ಥರ್ಮಾಸಿಗೆ ಬಿಸಿನೀರು ತುಂಬಿದೆ. ಮುಚ್ಚಳದಲ್ಲಿ ನೀರು ನುಗ್ಗಿ ಹಲವು ಸ್ಯಾಂಪಲ್ ಹಾಳಾದವು. ತೊಗರಿ ಕಾಳನ್ನು ಕಾಯಿಸಿ ಚೀಲಕ್ಕೆ ಹಾಕಿಯೂ ನೋಡಿದೆ. ಬಿಸಿ ಹಿಡಿಯಿತು, ಆದರೆ ಒಂದು ಕಡೆ 45, ಇನ್ನೊಂದು ಕಡೆ 33. ಕೊನೆಗೆ ಕೈಗೂಡಿದ್ದು ಸಣ್ಣಗೆ ಜರಡಿ ಹಿಡಿದ ಮರಳು.

ರಕ್ತವನ್ನು ವೇಗವಾಗಿ ತಿರುಗಿಸಿ ಸೀರಮ್ (ಹೆಪ್ಪು ಬೇರೆಯಾದ ಮೇಲೆ ಉಳಿಯುವ ತಿಳಿ ದ್ರವ) ಬೇರ್ಪಡಿಸುವ ಯಂತ್ರ ಸೆಂಟ್ರಿಫ್ಯೂಜ್; ಉಷ್ಣತೆ ಕಾಯುವ ಬಗೆಗೆ ಎರಡು ಲಕ್ಷದ ಮೇಲೆ ಹೇಳಿದರು. ಹಳೆಯ ಇನ್‌ಕ್ಯುಬೇಟರ್ ಸೇರಿ ನನ್ನ ಖರ್ಚು ಹದಿನೆಂಟು ಸಾವಿರದ ಆಸುಪಾಸು. ಸಾಮಾನ್ಯ ಸೆಂಟ್ರಿಫ್ಯೂಜಿನಲ್ಲಿ ಟ್ಯೂಬು ಇಡುವ ಕಪ್‌ಗಳು ತಿರುಗುವಾಗಲೂ ತಣಿಯದಂತೆ ನೋಡಿಕೊಳ್ಳುವ ಉಪಾಯ ನನ್ನದೇ. ಅದನ್ನು ಇಲ್ಲಿ ಬರೆಯುವುದಿಲ್ಲ. ಮೇ ತಿಂಗಳಲ್ಲಿ ಎಸಿ ಆರಿಸಿದರೆ ನಮ್ಮ ಊರಿನ ಬಿಸಿಲೇ ಅರ್ಧ ಕೆಲಸ ಮಾಡುತ್ತದೆ. ಡಿಸೆಂಬರಿನ ಬೆಳಗು ಕಷ್ಟ.

ಸೀರಮ್ ತೆಗೆದ ಮೇಲೆ 4 ಡಿಗ್ರಿಯಲ್ಲಿ ಏಳು ದಿನ ಬಿಡಿ. ಮೂರನೆಯ ದಿನಕ್ಕೇ ‘ಇಲ್ಲ’ ಎಂದು ಬರೆಯುವವರನ್ನು ಕಂಡಿದ್ದೇನೆ; ಹೆಪಟೈಟಿಸ್ ಸಿ ಜೊತೆಗಿನ ಮಿಶ್ರ ಬಗೆಯ ಕ್ರಯೋಗ್ಲೋಬುಲಿನ್ ನಿಧಾನವಾಗಿ ಕೂರುತ್ತದೆ. ಆ ಹೆಣ್ಣುಮಗಳ ಟ್ಯೂಬಿನಲ್ಲಿ ಬಿಳಿ ಗಸಿ ಕಂಡದ್ದು ವಾರದ ಕೊನೆಗೆ. 37 ಡಿಗ್ರಿಗೆ ಇಟ್ಟೆ, ಕರಗಿತು. ಮತ್ತೆ ಫ್ರಿಜ್ಜಿಗೆ ಇಟ್ಟೆ, ಮತ್ತೆ ಗಸಿ. ಆ ಟ್ಯೂಬನ್ನು ಹಿಡಿದುಕೊಂಡೇ ವೈದ್ಯರ ಬಳಿಗೆ ಹೋದೆ. ಅವರು ಮೂತ್ರ ಪರೀಕ್ಷೆ ಬರೆದರು. ಪ್ರೋಟೀನು, ರಕ್ತ ಎರಡೂ ಇದ್ದವು. ಕಿಡ್ನಿಗೆ ಆಗಲೇ ಏಟು ಬಿದ್ದಿತ್ತು.

2018ರಲ್ಲಿ ಆರಂಭವಾದ ರಾಷ್ಟ್ರೀಯ ಹೆಪಟೈಟಿಸ್ ಕಾರ್ಯಕ್ರಮದಲ್ಲಿ ಔಷಧಿ ಉಚಿತವಾಗಿ ಸಿಕ್ಕಿತು. 12 ವಾರಗಳ ಗುಳಿಗೆ ಮುಗಿಯಿತು. ಈಗ ವೈರಸ್ ಇಲ್ಲ, ಚುಕ್ಕೆಗಳೂ ಇಲ್ಲ. ಗಸಿ ಮಾತ್ರ ತುಸು ಕೂರುತ್ತಲೇ ಇದೆ. ವೈರಸ್ ಹೋದ ಮೇಲೂ ಕೆಲವರಲ್ಲಿ ಅದು ಉಳಿಯುವುದುಂಟು. ಹಾಗಾಗಿ ಕೆಲವು ತಿಂಗಳಿಗೊಮ್ಮೆ ಅವರನ್ನು ಕರೆಸಿ, ಸಿ4 ಜೊತೆಗೆ ಇದನ್ನೂ ಹಣ ಪಡೆಯದೆ ನೋಡುತ್ತಿದ್ದೇನೆ.