ಫ್ರೆಂಚ್ ಹಾರ್ನ್: ಊದುವ ಮೊದಲು ಹಾಡಿಕೊಳ್ಳಿ

ಫ್ರೆಂಚ್ ಹಾರ್ನ್ ಎಂಬ, ಸುರುಳಿ ಸುತ್ತಿದ ಹಿತ್ತಾಳೆಯ ಊದುವಾದ್ಯ ಕಲಿಯಲು ಬಂದವರು ಮೊದಲು ಕೇಳುವುದು ಯಾವ ಸ್ವರಕ್ಕೆ ಯಾವ ವಾಲ್ವ್ (ಕೊಳವೆಯ ಉದ್ದ ಬದಲಿಸಲು ಬೆರಳಿನಿಂದ ಒತ್ತುವ ಕೀಲಿ) ಎಂದು. ಅದು ಕೆಲವೇ ವಾರಗಳಲ್ಲಿ ಕೈಗೆ ಹತ್ತುತ್ತದೆ. ನಿಜವಾದ ಕಷ್ಟ ಬೇರೆಡೆ ಇದೆ. ಎಫ್ ಹಾರ್ನಿನ, ಅಂದರೆ ಎಫ್ ಶ್ರುತಿಯ ಹಾರ್ನಿನ, ಕೊಳವೆ ಸುಮಾರು 3.7 ಮೀಟರ್ ಉದ್ದವಿದ್ದು, ಯಾವ ವಾಲ್ವನ್ನೂ ಒತ್ತದೆ ತುಟಿಯ ಬಿಗಿ ಮತ್ತು ಉಸಿರಿನ ವೇಗದಿಂದಲೇ ಅದರಲ್ಲಿ ಹತ್ತಕ್ಕೂ ಹೆಚ್ಚು ಸ್ವರಗಳನ್ನು ನುಡಿಸಬಹುದು. ಮೇಲೆ ಹೋದಂತೆಲ್ಲ ಅವು ಒಂದಕ್ಕೊಂದು ಒತ್ತಿಕೊಂಡಿರುವುದರಿಂದ, ಷಡ್ಜಕ್ಕೆಂದು ಊದಿದರೆ ರಿಷಭ ಹೊರಡುವುದು ತೀರ ಸಾಮಾನ್ಯ. ಬೆರಳು ಇಲ್ಲಿ ದಾರಿ ತೋರಿಸುವುದಿಲ್ಲ, ಕಿವಿಯೇ ತೋರಿಸಬೇಕು.

ಸರಳೆ ವರಸೆ ಹಾಡಿ ಬೆಳೆದ ಬೆಂಗಳೂರಿನ ಮಕ್ಕಳಿಗೆ ಇದರಲ್ಲಿ ದೊಡ್ಡ ಅನುಕೂಲವಿದೆ ಎಂಬುದು ನನ್ನ ದೃಢವಾದ ಅಭಿಪ್ರಾಯ. ಬಸವನಗುಡಿಯಿಂದ ಪಾಠಕ್ಕೆ ಬರುತ್ತಿದ್ದ ಹುಡುಗಿಯೊಬ್ಬಳಿಗೆ ಪಂಚಮ ಹತ್ತು ಸಲ ಊದಿದರೂ ಸಿಕ್ಕಿರಲಿಲ್ಲ. ವಾದ್ಯವನ್ನು ಮಡಿಲಲ್ಲಿಟ್ಟು, ಶ್ರುತಿಪೆಟ್ಟಿಗೆಯ ಜೊತೆ ಅದನ್ನೇ ಹಾಡಿ, ಮನಸ್ಸಿನಲ್ಲಿ ಹಿಡಿದುಕೊಂಡು ಮತ್ತೆ ಊದು ಎಂದೆ. ಮರುಪ್ರಯತ್ನದಲ್ಲೇ ಪಂಚಮ ನೇರವಾಗಿ ಬಂದಿತು.

ನೀವೂ ಹೀಗೆಯೇ ಮಾಡಿ. ಶ್ರುತಿಯನ್ನು ಎಫ್‌ಗೆ ಇಟ್ಟು ಸ, ಗ, ಪ, ಮೇಲಿನ ಸ ಎಂದು ಹಾಡಿಕೊಂಡು, ಎಫ್ ಹಾರ್ನಿನಲ್ಲಿ ವಾಲ್ವ್ ಮುಟ್ಟದೆ ಅವನ್ನೇ ನಿಧಾನವಾಗಿ, ಒಂದೇ ಉಸಿರಿನಲ್ಲಿ, ನಾಲಿಗೆ ತಾಗಿಸದೆ ನುಡಿಸಿ. ತಂಬೂರಿಯ ಮಂದ್ರ ತಂತಿಯಲ್ಲಿ ತಾನಾಗಿ ಕೇಳಿಬರುವ ಅಂತರ ಗಾಂಧಾರವೇ ಈ ಕೊಳವೆಯಲ್ಲೂ ಇರುವ ಗಾಂಧಾರ. ಪಂಚಮಕ್ಕೂ ಮೇಲಿನ ಷಡ್ಜಕ್ಕೂ ನಡುವೆ, ಕೈಶಿಕಿ ನಿಷಾದಕ್ಕಿಂತ ತುಸು ಇಳಿದ ಇನ್ನೊಂದು ಸ್ವರ ಅಡಗಿ ಕುಳಿತಿದೆ. ಅದರ ಮೇಲೆ ಬೀಳದೆ ದಾಟುವುದೇ ಈ ಅಭ್ಯಾಸದ ಸಾರ.

ಮೌತ್‌ಪೀಸ್‌ನ ಮೂರರಲ್ಲಿ ಸುಮಾರು ಎರಡು ಪಾಲು ಮೇಲ್ತುಟಿಯ ಮೇಲೆ, ಒಂದು ಪಾಲು ಕೆಳತುಟಿಯ ಮೇಲೆ ಇರಲಿ. ಮೇಲಿನ ಸ್ವರ ಬಾರದಾಗ ಅದನ್ನು ತುಟಿಗೆ ಒತ್ತಬೇಡಿ. ಮೊದಲ ವರ್ಷ ನಾನು ಹಾಗೆ ಒತ್ತಿ ಒತ್ತಿ, ಇಪ್ಪತ್ತು ನಿಮಿಷಕ್ಕೇ ತುಟಿ ಮರಗಟ್ಟಿಸಿಕೊಳ್ಳುತ್ತಿದ್ದೆ. ಆ ಚಾಳಿ ಬಿಡಿಸಿಕೊಳ್ಳಲು ಕಲಿತದ್ದಕ್ಕಿಂತ ಹೆಚ್ಚು ಕಾಲ ಹಿಡಿಯಿತು. ಎಡಗೈ ಕಿರುಬೆರಳನ್ನು ಹಾರ್ನ್ ಹಿಡಿಯುವ ಕೊಕ್ಕೆಯಿಂದ ಹೊರತೆಗೆದು ಊದಿ ನೋಡಿದರೆ ಎಷ್ಟು ಒತ್ತುತ್ತಿದ್ದೀರೆಂದು ತಕ್ಷಣ ತಿಳಿಯುತ್ತದೆ.

ಬಲಗೈಯನ್ನು, ನೀರು ಸೋರದಂತೆ ಬೊಗಸೆ ಹಿಡಿದ ಹಾಗೆ ಬೆರಳುಗಳನ್ನು ಕೂಡಿಸಿ, ಬೆರಳುಗಳ ಹಿಂಬದಿ ಲೋಹಕ್ಕೆ ತಾಗುವಂತೆ ಹಾರ್ನಿನ ಬಾಯೊಳಗೆ ಇಡಬೇಕು. ಅಂಗೈಯನ್ನು ಸ್ವಲ್ಪ ಮುಚ್ಚಿದರೆ ಶ್ರುತಿ ಇಳಿಯುತ್ತದೆ, ತೆರೆದರೆ ಏರುತ್ತದೆ. ಮೊಜಾರ್ಟ್ ಹಾರ್ನ್ ಕನ್ಚೆರ್ಟೊಗಳನ್ನು (ಹಾರ್ನ್ ಮತ್ತು ವಾದ್ಯವೃಂದದ ಕೃತಿಗಳನ್ನು) ಬರೆದ ಕಾಲಕ್ಕೆ ವಾಲ್ವ್ ಇರಲಿಲ್ಲ. ಕೊಳವೆಯಲ್ಲಿಲ್ಲದ ಸ್ವರಗಳನ್ನು ವಾದಕರು ಈ ಕೈಯಿಂದಲೇ ಪಡೆಯುತ್ತಿದ್ದರು.

ಡಿಸೆಂಬರಿನ ಬೆಳಗಿನ ಚಳಿಯಲ್ಲಿ ತಣ್ಣಗಾದ ಹಿತ್ತಾಳೆ ಶ್ರುತಿಗಿಂತ ಕೆಳಗೆ ನುಡಿಯುತ್ತದೆ. ಆಗಲೇ ಶ್ರುತಿ ಹೊಂದಿಸುವ ಜಾರುಕೊಳವೆಯನ್ನು (ಸ್ಲೈಡ್) ಸರಿಸದೆ, ಕೆಲವು ನಿಮಿಷ ಬೆಚ್ಚನೆಯ ಉಸಿರು ತುಂಬಿ ಕಾಯಿರಿ. ಅಪಾರ್ಟ್‌ಮೆಂಟಿನಲ್ಲಿ ಇರುವವರಿಗೆ ಹಾರ್ನಿನ ಬಾಯಿಗೆ ಸಿಕ್ಕಿಸಿ ಸದ್ದು ತಗ್ಗಿಸುವ ಪ್ರಾಕ್ಟೀಸ್ ಮ್ಯೂಟ್ ಅನಿವಾರ್ಯವಾಗಬಹುದು. ಆದರೆ ಅದು ಉಸಿರನ್ನು ತಡೆಯುವುದರಿಂದ, ದೀರ್ಘ ಸ್ವರಗಳ ಸಾಧನೆಯನ್ನಾದರೂ ಅದಿಲ್ಲದೆ ಮಾಡಿ. ಊದಿದಷ್ಟೇ ಹೊತ್ತು ತುಟಿಗೆ ವಿರಾಮ ಕೊಡಿ. ಆ ವಿರಾಮದಲ್ಲಿ ಮುಂದಿನ ಸಾಲನ್ನು ಹಾಡಿಕೊಳ್ಳಿ.