ಗೇಮ್ ಬಾಯ್‌ಗೆ ಮತ್ತೆ ಜೀವ ಬಂತು

ಮಾವ ದುಬೈಯಿಂದ ತಂದುಕೊಟ್ಟ ಹಳೇ ಗೇಮ್ ಬಾಯ್ ಇನ್ನೂ ನನ್ನ ಹತ್ತಿರ ಇದೆ. ಕೈಯಲ್ಲಿ ಹಿಡಿದು ಆಡುವ, ನಿಂಟೆಂಡೊ ಕಂಪನಿಯ ವಿಡಿಯೊ ಗೇಮ್ ಇದು. ಮೊನ್ನೆ ಹೊಸ ಸೆಲ್ ಹಾಕಿದರೂ ಆನ್ ಆಗಲಿಲ್ಲ. ಕೆಂಪು ಲೈಟ್ ಕೂಡ ಇಲ್ಲ. ಸೆಲ್ ಕೂರುವ ಜಾಗಕ್ಕೆ ಟಾರ್ಚ್ ಬಿಟ್ಟು ನೋಡಿದೆ. ಸ್ಪ್ರಿಂಗ್ ಮೇಲೆಲ್ಲ ಬಿಳಿ, ಹಸಿರು ಪುಡಿ. ಯಾವಾಗಲೋ ಸೆಲ್ ಸೋರಿದೆ.

ಆಲ್ಕಲೈನ್ ಸೆಲ್‌ನಿಂದ ಸೋರುವುದು ಪೊಟ್ಯಾಸಿಯಂ ಹೈಡ್ರಾಕ್ಸೈಡ್, ಅಂದ್ರೆ ಕ್ಷಾರ. ಅದಕ್ಕೆ ಹುಳಿಯೇ ಮದ್ದು. ಗ್ಲೌಸ್ ಹಾಕಿಕೊಂಡು, ಇಯರ್‌ಬಡ್‌ ಅನ್ನು ಬಿಳಿ ವಿನೆಗರ್‌ನಲ್ಲಿ ಅದ್ದಿ, ಹಿಂಡಿ, ಸ್ಪ್ರಿಂಗ್‌ಗೆ ಒತ್ತಿದೆ. ಸಣ್ಣಗೆ ನೊರೆ ಬಂತು. ನೊರೆ ನಿಂತ ಮೇಲೆ ಐಸೊಪ್ರೊಪೈಲ್ ಆಲ್ಕೋಹಾಲ್‌ನಲ್ಲಿ ಒರೆಸಿ ಪೂರ್ತಿ ಒಣಗಲು ಬಿಟ್ಟೆ. ಉಳಿದ ಕಪ್ಪು ಕಲೆಗೆ ನಯವಾದ ಸ್ಯಾಂಡ್‌ಪೇಪರ್. ಜಾಸ್ತಿ ತಿಕ್ಕಬೇಡಿ, ಲೋಹದ ಮೇಲಿನ ಲೇಪ ಹೋಗುತ್ತದೆ.

ಸ್ವಿಚ್ ಜಾರಿಸಿದೆ. ನಿಂಟೆಂಡೊ ಹೆಸರು ಮೇಲಿನಿಂದ ಇಳಿದು ಬಂತು, ಟಿಂಗ್!

1989ರಲ್ಲಿ ಇದನ್ನು ಮಾಡಿದ ಗುನ್‌ಪೇ ಯೊಕೊಯ್ ಅವರ ತಂಡಕ್ಕೆ ನಾನು ಚಿಕ್ಕಂದಿನಿಂದ ಅಭಿಮಾನಿ. ಬಣ್ಣದ ಸ್ಕ್ರೀನ್ ಬೇಡ, ಅಗ್ಗದ, ಗಟ್ಟಿಮುಟ್ಟಾದ ಭಾಗಗಳು ಸಾಕು ಅನ್ನುವುದು ಯೊಕೊಯ್ ದಾರಿ. ಎದುರಾಳಿ ಕಂಪನಿ ಸೆಗಾದ ಬಣ್ಣದ ಸ್ಕ್ರೀನಿನ ಗೇಮ್ ಗಿಯರ್ 6 ಸೆಲ್‌ಗಳನ್ನು ಕೆಲವೇ ಗಂಟೆಯಲ್ಲಿ ನುಂಗುತ್ತಿತ್ತು. ಇದು 4 ಸೆಲ್‌ನಲ್ಲಿ ಹತ್ತು ಗಂಟೆಗೂ ಹೆಚ್ಚು ಓಡುತ್ತದೆ. ಪಾಕೆಟ್ ಮನಿಯಲ್ಲಿ ಸೆಲ್ ಕೊಳ್ಳುವ ಹುಡುಗರಿಗೆ ಅದೇ ತಾನೇ ಮುಖ್ಯ, ಅಲ್ವಾ?

ವಾಲ್ಯೂಮ್ ತಿರುಗಿಸಿದರೆ ಮಾತ್ರ ಇನ್ನೂ ಕರಕರ ಅನ್ನುತ್ತದೆ. ಅದಕ್ಕೆ ಕಾಂಟ್ಯಾಕ್ಟ್ ಕ್ಲೀನರ್ (ಎಲೆಕ್ಟ್ರಾನಿಕ್ ಭಾಗ ಸ್ವಚ್ಛ ಮಾಡುವ ಸ್ಪ್ರೇ) ಸಾಕು. ಆದರೆ ಬಿಚ್ಚಲು ಮೂರು ರೆಕ್ಕೆಯ ಸ್ಕ್ರೂಡ್ರೈವರ್ ಬೇಕು. ಬೆಂಗಳೂರಿನ ಎಲೆಕ್ಟ್ರಾನಿಕ್ಸ್ ಮಾರುಕಟ್ಟೆ ಎಸ್.ಪಿ. ರೋಡ್‌ನಲ್ಲಿ ಹುಡುಕಬೇಕು.